ನುಡಿ ನಮ್ಮದು, ಒಡೆತನ ಯಾರದು?

ದಪ್ಪಕ್ಷರದ ತಲೆಬರಹ, ನಾಲ್ಕೇ ಮಾತು, ದುಡಿಯುವವನ ಆಡುನುಡಿ: ಲಂಡನ್ನಿನ 'ಸನ್' ಪತ್ರಿಕೆಯ ಮುಖಪುಟ ಓದುಗನನ್ನು ಒಲಿಸಿಕೊಳ್ಳುವ ಬಗೆ ಇದು. 1911ರ ಮುದ್ರಣ ಕಾರ್ಮಿಕರ ಮುಷ್ಕರದಲ್ಲಿ ಹುಟ್ಟಿದ 'ಡೈಲಿ ಹೆರಾಲ್ಡ್' ಪತ್ರಿಕೆಯೇ 1964ರಲ್ಲಿ 'ಸನ್' ಆಯಿತು. 1969ರಲ್ಲಿ ಬಂಡವಾಳಗಾರ ಮರ್ಡೋಕರ ಕೈಸೇರಿತು.

1989ರಲ್ಲಿ ಶೆಫೀಲ್ಡಿನ ಹಿಲ್ಸ್‌ಬರೋ ಫುಟ್‌ಬಾಲ್ ಮೈದಾನದ ನೂಕುನುಗ್ಗಲು ಲಿವರ್‌ಪೂಲ್ ತಂಡದ 97 ಅಭಿಮಾನಿಗಳನ್ನು ಬಲಿತೆಗೆದುಕೊಂಡಿತು. ನಾಲ್ಕೇ ದಿನಕ್ಕೆ 'ಸನ್' ಮುಖಪುಟದಲ್ಲಿ 'ಸತ್ಯ' ಎಂದು ಸಾರಿ, ಅಭಿಮಾನಿಗಳೇ ಸತ್ತವರ ಜೇಬಿಗೆ ಕೈಹಾಕಿದರೆಂದು ಬರೆಯಿತು. ಲಿವರ್‌ಪೂಲಿನ ಜನ ಅದನ್ನು ಕೊಳ್ಳುವುದು ಬಿಟ್ಟರು. ಅನೇಕ ಅಂಗಡಿಕಾರರು ಮಾರುವುದನ್ನೇ ಬಿಟ್ಟರು. ಅಭಿಮಾನಿಗಳ ತಪ್ಪಿಲ್ಲವೆಂದು 2012ರಲ್ಲಿ ತನಿಖೆ ಹೇಳಿದ ಮೇಲೆ ಪತ್ರಿಕೆ ಮುಖಪುಟದಲ್ಲೇ ಕ್ಷಮೆ ಬೇಡಿತು.

ನಾವು ಹೇಳುವುದಿಷ್ಟೆ: ನಮ್ಮ ನುಡಿಯಾಡುವವರೆಲ್ಲ ನಮ್ಮವರಲ್ಲ. ತಲೆಬರಹಕ್ಕೆ ಮರುಳಾಗುವ ಮುನ್ನ ಒಡೆಯ ಯಾರೆಂದು ಕೇಳೋಣ. ಕೊಳ್ಳುವ ಕಾಸು, ಮಾರುವ ಅಂಗಡಿ ಎರಡೂ ನಮ್ಮ ಕೈಯಲ್ಲಿವೆ.