ಬೆರಳಿನ ವೇಗಕ್ಕೆ ಬೆಲೆ ಎಲ್ಲಿದೆ?

ಟೈಪಿಂಗ್ ಕಲಿತ ಹೆಣ್ಣುಮಗಳಿಗೆ ಎರಡು ಮಾತು ಕೇಳಿಬರುತ್ತವೆ. ಎಲ್ಲರ ಕೈಯಲ್ಲೂ ಮೊಬೈಲಿರುವಾಗ ಟೈಪಿಸ್ಟ್ ಯಾರಿಗೆ ಬೇಕು ಎನ್ನುವುದು ಒಂದು. ಮನೆಯಲ್ಲೇ ಕೂತು ಸಾವಿರಾರು ಗಳಿಸಿ ಎನ್ನುವುದು ಇನ್ನೊಂದು. ಸಹೋದರಿಯರೇ, ಎರಡನ್ನೂ ನಂಬಬೇಡಿ.

ನಮ್ಮ ಜಿಲ್ಲಾ ನ್ಯಾಯಾಲಯಗಳು ಬೆರಳಚ್ಚುಗಾರರ ಹುದ್ದೆಗೆ ಅರ್ಜಿ ಕರೆಯುವಾಗ ಕನ್ನಡ, ಇಂಗ್ಲಿಷ್ ಎರಡರಲ್ಲೂ ಸೀನಿಯರ್ ದರ್ಜೆ ಪಾಸಾಗಿರಬೇಕೆಂದು ಕೇಳುವುದು ರೂಢಿ. ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗದ ಕಿರಿಯ ಗುಮಾಸ್ತರ ಪರೀಕ್ಷೆಗೆ ಇಂಗ್ಲಿಷಿನಲ್ಲಿ ನಿಮಿಷಕ್ಕೆ 35 ಪದಗಳ ವೇಗ ಬೇಕು. ಹಾಗಾಗಿ ವೇಗವಿದ್ದರೆ ಸಾಲದು, ಕೈಯಲ್ಲಿ ಪ್ರಮಾಣಪತ್ರವೂ ಇರಬೇಕು.

ಮಾತಾಡಿದರೆ ಮೊಬೈಲೇ ಅಕ್ಷರ ಮೂಡಿಸುತ್ತದೆ, ನಿಜ. ಆದರೆ ಕ್ರಯಪತ್ರದಲ್ಲಿ ಸರ್ವೆ ನಂಬರಿನ ಒಂದು ಅಂಕಿ ತಪ್ಪಿದರೆ ತಿದ್ದುಪಡಿಗೆ ಅಲೆಯುವವರು ನಾವೇ. ವಕೀಲರ ಕಚೇರಿಗೆ, ಪತ್ರಬರಹಗಾರರಿಗೆ, ಡಿಟಿಪಿ ಅಂಗಡಿಗೆ ಬೇಕಾದದ್ದು ವೇಗದ ಬೆರಳಿನ ಜೊತೆ ತಪ್ಪು ಹಿಡಿಯುವ ಕಣ್ಣು. ಆದ್ದರಿಂದ ಒತ್ತಕ್ಷರ, ಕಾಗುಣಿತ ಗಟ್ಟಿಮಾಡಿಕೊಳ್ಳಿ. ನುಡಿಯ ಜೊತೆಗೆ ಯೂನಿಕೋಡ್ ಕೂಡ ಕಲಿಯಿರಿ.

ಡೇಟಾ ಎಂಟ್ರಿ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಎಂದವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕೆಲಸ ಕೊಡುವವರು ಕೂಲಿ ಕೊಡುತ್ತಾರೆ, ಕೇಳುವುದಿಲ್ಲ. ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಸಂಘದ ಸಾಲದಲ್ಲಿ ಒಂದು ಕಂಪ್ಯೂಟರ್ ಕೊಂಡರೆ ಹಲವರು ಸರದಿಯಲ್ಲಿ ಅಭ್ಯಾಸ ಮಾಡಬಹುದು. ದುಡಿದ ಹಣ ಮಾತ್ರ ಅವರವರ ಹೆಸರಿನ ಖಾತೆಗೇ ಬರಲಿ.