ಗುಜರಿ ಅನ್ನೋ ಮೊದಲು ಬಂಕ್‌ನಲ್ಲಿ ಬೋರ್ಡ್ ಹಾಕಿ

ಹಳೇ ಮಾರುತಿ 800 ಅಥವಾ ಓಮ್ನಿ ಇಟ್ಟುಕೊಂಡವರಿಗೆ ಈಗ ಎಲ್ಲರೂ ಹೇಳುವುದು ಒಂದೇ ಮಾತು: ‘ಇನ್ನೂ ಎಷ್ಟು ದಿನ ಈ ಡಬ್ಬ ಓಡಿಸ್ತೀರಿ? ಗುಜರಿಗೆ ಹಾಕಿ.’ ನಾವು ಸುದ್ದಿಗೆ ತಿರುಗುವ ಗಾಡಿಯೂ ಅದೇ, 1998ರ ಓಮ್ನಿ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕು ತಾಲೂಕು ಸುತ್ತಿದ ಗಾಡಿ. ಆದ್ದರಿಂದ ಈ ಮಾತಿಗೆ ಉತ್ತರ ಕೊಡುವ ಹಕ್ಕು ನಮಗಿದೆ ಅಂದುಕೊಂಡಿದ್ದೇವೆ.

ಮೊದಲು ಎಂಜಿನ್ ಯಾವುದು ಅಂತ ತಿಳಿಯೋಣ. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಜೊತೆ ಬಂದದ್ದು ಸುಜುಕಿಯ ‘ಎಫ್8ಬಿ’. ಮೂರು ಸಿಲಿಂಡರ್, 796 ಸಿಸಿ. ಸಿಲಿಂಡರಿನ ಅಗಲ 68.5 ಮಿಲಿಮೀಟರ್, ಪಿಸ್ಟನ್ ಏರಿಳಿಯುವ ದೂರ 72 ಮಿಲಿಮೀಟರ್. ಶಕ್ತಿ ಸುಮಾರು 37 ಎಚ್‌ಪಿ. ಮುಂದಿನ ವರ್ಷ ಬಂದ ವ್ಯಾನಿಗೂ, ಅಂದರೆ ಇವತ್ತಿನ ಓಮ್ನಿಗೂ, ಇದೇ ಎಂಜಿನ್. ಸೀಟು ಎತ್ತಿದರೆ ಕೆಳಗೆ ಕೂತಿರುತ್ತದೆ. 800 ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ, ಓಮ್ನಿ ನಿಂತದ್ದು 2019ರಲ್ಲಿ. ಮೂವತ್ತು ವರ್ಷಕ್ಕೂ ಮೀರಿ ಒಂದೇ ಎಂಜಿನ್ ನಡೆಯಿತು ಅಂದರೆ ಅದರಲ್ಲಿ ಏನೋ ಇದೆ ತಾನೆ?

ಇರುವುದು ಸರಳತನ. ಕಾರ್ಬೋರೇಟರ್ ಇರುವ ಹಳೇ ಮಾಡೆಲ್‌ನಲ್ಲಿ ಕಂಪ್ಯೂಟರ್ ಇಲ್ಲ, ಸ್ಕ್ಯಾನರ್ ಬೇಕಿಲ್ಲ. ಸ್ಪ್ಯಾನರ್ ಸೆಟ್ ಇರುವ ಮೆಕ್ಯಾನಿಕ್ ರಸ್ತೆ ಪಕ್ಕದಲ್ಲೇ ಬಿಚ್ಚಿ ಕೂರಿಸುತ್ತಾನೆ. ಕಡಿಮೆ ಸುತ್ತಿನಲ್ಲೇ ಎಳೆಯುತ್ತದೆ. ಅಡಿಕೆ ಚೀಲ, ತೆಂಗಿನಕಾಯಿ, ಮದುವೆ ಮನೆಯ ಪಾತ್ರೆ, ರಾತ್ರಿ ಹೊತ್ತು ಹೆರಿಗೆ ನೋವು ಬಂದ ಹೆಣ್ಣುಮಗಳು, ಎಲ್ಲವನ್ನೂ ಹೊತ್ತಿದೆ.

ಹಾಗಂತ ದೇವರಲ್ಲ. ರೇಡಿಯೇಟರ್ ನೀರು ನೋಡದೆ ಬೇಸಿಗೆಯಲ್ಲಿ ಎಳೆದರೆ ಬಿಸಿಯಾಗಿ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಟೈಮಿಂಗ್ ಬೆಲ್ಟ್ ಕಾಲಕ್ಕೆ ಬದಲಿಸದಿದ್ದರೆ ನಡುದಾರಿಯಲ್ಲಿ ನಿಲ್ಲಿಸುತ್ತದೆ. ಏರ್‌ಬ್ಯಾಗ್ ಇಲ್ಲದ ಗಾಡಿ, ಆರು ಪಥದ ಹೆದ್ದಾರಿಯಲ್ಲಿ ಲಾರಿಗಳ ಜೊತೆ ಪೈಪೋಟಿಗೆ ಇಳಿಯುವಂಥದ್ದಲ್ಲ. ಹೊಗೆಯೂ ಹೊಸ ಗಾಡಿಗಿಂತ ಹೆಚ್ಚು. ಇದನ್ನೆಲ್ಲ ನಾವು ಒಪ್ಪುತ್ತೇವೆ.

ಆದರೆ ಈಗ ಗ್ಯಾರೇಜ್‌ಗೆ ಬರುತ್ತಿರುವ ದೂರು ಬೇರೆ. ಬೆಳಿಗ್ಗೆ ಸ್ಟಾರ್ಟ್ ಆಗಲ್ಲ, ಪಿಕಪ್ ಇಲ್ಲ, ಮೈಲೇಜ್ ಬಿತ್ತು, ಪೆಟ್ರೋಲ್ ಪೈಪ್ ಮೆತ್ತಗಾಗಿದೆ. ‘ವಯಸ್ಸಾಯ್ತು’ ಅಂತಾರೆ. ವಯಸ್ಸಾದದ್ದು ನಿಜ. ಜೊತೆಗೆ ಟ್ಯಾಂಕಿನೊಳಗಿನ ಪೆಟ್ರೋಲೂ ಬದಲಾಗಿದೆಯಲ್ಲ, ಅದನ್ನು ಯಾಕೆ ಹೇಳಲ್ಲ?

2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಪ್ರಧಾನಿ ‘ಇ20’ ಪೆಟ್ರೋಲ್‌ಗೆ ಚಾಲನೆ ಕೊಟ್ಟರು. ನೂರು ಲೀಟರ್‌ನಲ್ಲಿ 20 ಲೀಟರ್ ಎಥೆನಾಲ್. ಈಗ ಬಂಕ್‌ನಲ್ಲಿ ಮಾಮೂಲಿ ಪೆಟ್ರೋಲ್ ಅಂತ ಸಿಗುವುದೇ ಅದು. ಎಥೆನಾಲ್‌ನಲ್ಲಿ ಪೆಟ್ರೋಲ್‌ಗಿಂತ ಲೀಟರ್‌ಗೆ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ. ಅದರೊಳಗೇ ಆಮ್ಲಜನಕ ಇರುವುದರಿಂದ ಅದು ಉರಿಯಲು ಗಾಳಿ ಕಡಿಮೆ ಸಾಕು, ಇಂಧನ ಹೆಚ್ಚು ಬೇಕು. ಹೊಸ ಗಾಡಿಯ ಕಂಪ್ಯೂಟರ್ ಇದನ್ನು ಗ್ರಹಿಸಿ ಸರಿಮಾಡಿಕೊಳ್ಳುತ್ತದೆ. ಕಾರ್ಬೋರೇಟರ್‌ಗೆ ಆ ಬುದ್ಧಿ ಇಲ್ಲ. ಜೆಟ್‌ನ ತೂತು ಎಷ್ಟಿದೆಯೋ ಅಷ್ಟೇ ಬಿಡುತ್ತದೆ. ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಕೆಮ್ಮುತ್ತದೆ. ಎಥೆನಾಲ್ ಹಳೇ ಕಾಲದ ರಬ್ಬರನ್ನು ಉಬ್ಬಿಸುತ್ತದೆ, ಗಾಳಿಯ ತೇವವನ್ನೂ ಹೀರುತ್ತದೆ. ಸಂತೆ ದಿನ ಮಾತ್ರ ಹೊರಗೆ ತೆಗೆಯುವ ನಮ್ಮಂಥವರ ಗಾಡಿಗೆ ಇದು ಇನ್ನೂ ಕಷ್ಟ.

ಎಂಜಿನ್ ಸಿಡಿಯುತ್ತದೆ ಅಂತ ವಾಟ್ಸಾಪ್‌ನಲ್ಲಿ ಬರುವುದನ್ನು ನಂಬಬೇಡಿ. ಆದರೆ ಏನೂ ಆಗಲ್ಲ ಅನ್ನುವುದನ್ನೂ ನಂಬಬೇಡಿ. ಹಳೇ ರೀತಿಯ ಕಾರುಗಳಲ್ಲಿ ಇ20ಯಿಂದ ಮೈಲೇಜ್ ಶೇ 6ರಿಂದ 7 ಕಡಿಮೆಯಾಗಬಹುದು ಅಂತ 2021ರಲ್ಲಿ ಬರೆದದ್ದು ಸರ್ಕಾರದ್ದೇ ನೀತಿ ಆಯೋಗದ ವರದಿ. ಲೆಕ್ಕ ಹಾಕಿ: 16 ಕಿಲೋಮೀಟರ್ ಕೊಡುತ್ತಿದ್ದ ಗಾಡಿ 15 ಕೊಟ್ಟರೆ, ತಿಂಗಳಿಗೆ 30 ಲೀಟರ್ ಹಾಕಿಸುವವನಿಗೆ 32 ಲೀಟರ್ ಬೇಕು. ಎರಡು ಲೀಟರ್ ಅಂದರೆ ಇನ್ನೂರು ರೂಪಾಯಿ, ತಿಂಗಳು ತಿಂಗಳೂ. ಪೈಪು, ಗ್ಯಾಸ್ಕೆಟ್ ಖರ್ಚು ಬೇರೆ. ಕೆಲವು ಹಳೇ ಗಾಡಿಗಳ ರಬ್ಬರ್ ಭಾಗ ಬದಲಿಸಬೇಕಾಗಬಹುದು ಅಂತ 2025ರಲ್ಲಿ ಪೆಟ್ರೋಲಿಯಂ ಸಚಿವಾಲಯವೇ ಹೇಳಿತು, ಖರ್ಚು ಕಡಿಮೆ ಅಂತಲೂ ಸೇರಿಸಿತು. ಕಡಿಮೆಯೋ ಹೆಚ್ಚೋ, ಕೊಡುವ ಜೇಬು ಯಾರದು?

ಅದೇ ನೀತಿ ಆಯೋಗದ ವರದಿಯಲ್ಲಿ ಇನ್ನೊಂದು ಮಾತಿತ್ತು: ಹಳೇ ಗಾಡಿಗಳ ರಕ್ಷಣೆಗೆ ಶೇ 10ರ ಪೆಟ್ರೋಲ್ ಕೂಡ ಸಿಗುವಂತಿರಬೇಕು. ಇಪ್ಪತ್ತು ಬಂತು, ಹತ್ತು ಮಾಯವಾಯಿತು. ಎಥೆನಾಲ್ ಇಲ್ಲದ ಪೆಟ್ರೋಲೂ ಸಿಗಲಿ ಅಂತ ಹೋದ ಅರ್ಜಿಯನ್ನು 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ವಜಾ ಮಾಡಿತು. ಕೋರ್ಟ್ ಬಾಗಿಲು ಮುಚ್ಚಿರಬಹುದು, ಸರ್ಕಾರವನ್ನು ಕೇಳುವ ಬಾಯಿ ಮುಚ್ಚಿಲ್ಲ.

‘ರೈತರಿಗಾಗಿ ಅಲ್ಲವಾ ಇದೆಲ್ಲ?’ ಅಂತ ಕೇಳುತ್ತಾರೆ. ಎಥೆನಾಲ್ ಮಾಡುವುದು ಕಬ್ಬು, ಅಕ್ಕಿ, ಮೆಕ್ಕೆಜೋಳದಿಂದ. ನಮ್ಮ ಹೊಲಗಳಲ್ಲೂ ಮೆಕ್ಕೆಜೋಳವೇ. 2025ರಲ್ಲಿ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಅದೇ ನವೆಂಬರ್‌ನಲ್ಲಿ ಮಾರುಕಟ್ಟೆ ದರ ಅದಕ್ಕಿಂತ ಎಷ್ಟೋ ಕೆಳಗೆ ಬಿದ್ದು ರಾಜ್ಯದ ರೈತರು ಬೀದಿಗೆ ಇಳಿದರು, ಮುಖ್ಯಮಂತ್ರಿ ಪ್ರಧಾನಿಗೆ ಪತ್ರ ಬರೆದರು. ಅಂದರೆ ಜೋಳ ಮಾರುವಾಗಲೂ ನಷ್ಟ, ಅದೇ ಜೋಳದ ಎಥೆನಾಲ್ ಟ್ಯಾಂಕಿಗೆ ಬಂದಾಗಲೂ ನಷ್ಟ. ಎರಡೂ ಕಡೆ ಕಳೆದುಕೊಳ್ಳುವವನ ಹೆಸರು ಹೇಳಿ ಯೋಜನೆ ಸಮರ್ಥಿಸುವುದು ಯಾವ ನ್ಯಾಯ?

ಇದರ ಮೇಲೆ 2025ರ ಆಗಸ್ಟ್‌ನಲ್ಲಿ, 20 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 5,000ದಿಂದ 10,000 ರೂಪಾಯಿಗೆ ಏರಿತು. ನಮ್ಮ ಓಮ್ನಿಯೂ ಆ ಲೆಕ್ಕಕ್ಕೇ ಬಂತು. ಹೊಸ ಕಾರು ಕೊಳ್ಳುವ ಶಕ್ತಿ ಇದ್ದಿದ್ದರೆ ಹಳೇ ಕಾರಿಗೆ ಹತ್ತು ಸಾವಿರ ಯಾರು ಕಟ್ಟುತ್ತಿದ್ದರು?

ನಾವು ಕೇಳುವುದು ಮೂರೇ. ಒಂದು, ಪ್ರತಿ ಬಂಕ್‌ನ ಪ್ರತಿ ಪಂಪಿನ ಮೇಲೆ ಎಥೆನಾಲ್ ಎಷ್ಟು ಅಂತ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬೋರ್ಡ್ ಇರಲಿ. ಎರಡು, ತಾಲೂಕು ಕೇಂದ್ರದಲ್ಲಿ ಒಂದು ಬಂಕ್‌ನಲ್ಲಾದರೂ ಶೇ 10ರ ಪೆಟ್ರೋಲ್ ಸಿಗಲಿ. ಮೂರು, ಎಫ್‌ಸಿಯಲ್ಲಿ ಪಾಸಾಗುವ ಗಾಡಿಗೆ ವಯಸ್ಸಿನ ದಂಡ ಬೇಡ. ಬ್ರೇಕ್ ನೋಡಿ, ಹೊಗೆ ನೋಡಿ, ಕೆಟ್ಟಿದ್ದರೆ ನಿಲ್ಲಿಸಿ, ನಮ್ಮ ತಕರಾರಿಲ್ಲ.

ಅಲ್ಲಿಯವರೆಗೆ ನೀವು ಮಾಡಬಹುದಾದದ್ದು: ಪೆಟ್ರೋಲ್ ಪೈಪು, ಫಿಲ್ಟರ್ ಒಮ್ಮೆ ಮೆಕ್ಯಾನಿಕ್‌ಗೆ ತೋರಿಸಿ, ಮೆತ್ತಗಾಗಿದ್ದರೆ ಬದಲಿಸಿ. ಸೀಟಿನ ಕೆಳಗೆ ಪೆಟ್ರೋಲ್ ಸೋರುವುದು ಬೆಂಕಿಯ ಜೊತೆ ಆಟ. ತಿಂಗಳುಗಟ್ಟಲೆ ಪೆಟ್ರೋಲ್ ತುಂಬಿಸಿ ಗಾಡಿ ನಿಲ್ಲಿಸಬೇಡಿ. ಬಂಕ್‌ನಲ್ಲಿ ಅನುಮಾನ ಬಂದರೆ ಫಿಲ್ಟರ್ ಪೇಪರ್ ಪರೀಕ್ಷೆ, ಐದು ಲೀಟರ್ ಅಳತೆ ಕೇಳಿ. ಅದು ನಿಮ್ಮ ಹಕ್ಕು. ಹಾಕಿಸುವ ಮುಂಚೆ ‘ಅಣ್ಣಾ, ಇದರಲ್ಲಿ ಎಥೆನಾಲ್ ಎಷ್ಟು?’ ಅಂತ ಪ್ರತಿ ಸಲವೂ ಕೇಳಿ. ದಿನಕ್ಕೆ ಐವತ್ತು ಜನ ಕೇಳಿದರೆ ಬೋರ್ಡ್ ತಾನಾಗಿಯೇ ಬರುತ್ತದೆ.