ಅಂಕಿತವೊಂದೇ ಸಾಲದು

ಹನ್ನೆರಡನೆಯ ಶತಮಾನದ ಶರಣರು ತಮ್ಮ ವಚನಗಳಲ್ಲಿ ಸ್ವಂತ ಹೆಸರಿನ ಬದಲಿಗೆ ಅಂಕಿತವನ್ನಿರಿಸಿದರು. ಕೂಡಲಸಂಗಮದೇವ ಎಂದೊಡನೆ ಬಸವಣ್ಣನವರೂ, ಗುಹೇಶ್ವರ ಎಂದೊಡನೆ ಅಲ್ಲಮಪ್ರಭುಗಳೂ, ಚೆನ್ನಮಲ್ಲಿಕಾರ್ಜುನ ಎಂದೊಡನೆ ಅಕ್ಕಮಹಾದೇವಿಯವರೂ ಕನ್ನಡಿಗನ ಮನಸ್ಸಿಗೆ ಬರುತ್ತಾರೆ. ಆದರೆ ಅಂಕಿತವು ಒಂದು ಹೆಸರು. ಅದನ್ನು ಯಾರು ಬೇಕಾದರೂ ಬರೆಯಬಹುದು. ಲಿಪಿಕಾರನ ಕೈತಪ್ಪಿನಿಂದಲೋ, ಅತಿಭಕ್ತಿಯಿಂದಲೋ ಒಬ್ಬರ ಮಾತು ಇನ್ನೊಬ್ಬರ ಅಂಕಿತದೊಡನೆ ಸೇರಿಕೊಳ್ಳಬಹುದು. ಪ್ರಕ್ಷಿಪ್ತ ವಚನಗಳ ಪ್ರಶ್ನೆ ಹುಟ್ಟಿದ್ದು ಹೀಗೆ.

ಆ ಪ್ರಶ್ನೆಯನ್ನು ಬಿಡಿಸಲು ವಿದ್ವಾಂಸರು ಪಟ್ಟ ಶ್ರಮ ಸಾಮಾನ್ಯವಾದುದಲ್ಲ. ಫ. ಗು. ಹಳಕಟ್ಟಿಯವರು ಊರೂರಿನಿಂದ ತಾಳೆಗರಿಗಳನ್ನು ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. 1993ರಲ್ಲಿ ರಾಜ್ಯ ಸರ್ಕಾರ ‘ಸಮಗ್ರ ವಚನ ಸಂಪುಟ’ವನ್ನು 15 ಸಂಪುಟಗಳಲ್ಲಿ ಹೊರತಂದಿತು. ಈ ಎರಡರ ನಡುವಣ ಎಪ್ಪತ್ತು ವರ್ಷಗಳುದ್ದಕ್ಕೂ ಪ್ರತಿಗೆ ಪ್ರತಿಯನ್ನಿಟ್ಟು ಹೋಲಿಸಿ, ಪಾಠಾಂತರಗಳನ್ನು ಗುರುತಿಸುವ ಕಾರ್ಯ ನಡೆಯಿತು.

ಇಂದು ಅದೇ ಪ್ರಶ್ನೆ ಹೊಸ ರೂಪದಲ್ಲಿ ಎದುರಾಗಿದೆ. ಕೆಲಸವೊಂದನ್ನು ವಹಿಸಿದರೆ ಅದರ ಹಂತಗಳನ್ನು ತಾನೇ ಯೋಜಿಸಿಕೊಂಡು ನಡೆಸುವ ಕೃತಕ ಬುದ್ಧಿಮತ್ತೆಯ ಏಜೆಂಟುಗಳು ಬಂದಿವೆ. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿನ ಆಸುಪಾಸಿನಲ್ಲೋ, ಬಸವನಗುಡಿ ಮಲ್ಲೇಶ್ವರಗಳಲ್ಲೋ ಇರುವ ಒಂದು ವಿದ್ಯಾಸಂಸ್ಥೆ ತನ್ನ ಹಸ್ತಪ್ರತಿಗಳ ಛಾಯಾಚಿತ್ರಗಳನ್ನು ಅಂತಹ ಏಜೆಂಟಿಗೆ ಒಪ್ಪಿಸಿತೆನ್ನೋಣ. ಒಂದು ಏಜೆಂಟು ಅಕ್ಷರಗಳನ್ನು ಓದುತ್ತದೆ, ಇನ್ನೊಂದು ಪಾಠವನ್ನು ಹೋಲಿಸುತ್ತದೆ, ಮತ್ತೊಂದು ಅನುವಾದಿಸುತ್ತದೆ. ಹುಳು ತಿಂದ ಗರಿಯಲ್ಲಿ ನಾಲ್ಕು ಶಬ್ದ ಕಾಣದಿದ್ದರೆ, ಆ ಯಂತ್ರ ತೋಚಿದ್ದನ್ನು ತುಂಬಿ, ಅಂಕಿತವನ್ನೂ ಸೇರಿಸಿ, ಸರಾಗವಾದ ವಚನವೊಂದನ್ನು ಮುಂದಿಡಬಲ್ಲದು. ನೂರು ವರ್ಷಗಳ ಬಳಿಕ ಅದನ್ನು ಬೇರ್ಪಡಿಸುವವರಾರು?

ಇದಕ್ಕೆ ಗಣಿತಶಾಸ್ತ್ರ ಒಂದು ಸಾಧನವನ್ನು ಒದಗಿಸಿದೆ. 1976ರಲ್ಲಿ ಡಿಫಿ ಮತ್ತು ಹೆಲ್‌ಮನ್ ಎಂಬ ವಿದ್ವಾಂಸರು ಜೋಡಿ ಕೀಲಿಕೈಗಳ ತತ್ತ್ವವನ್ನು ಪ್ರಕಟಿಸಿದರು. ಮರುವರ್ಷ ರಿವೆಸ್ಟ್, ಶಮೀರ್, ಆಡಲ್‌ಮನ್ ಅವರು ಅದನ್ನು ಕಾರ್ಯರೂಪಕ್ಕೆ ತರುವ ವಿಧಾನವನ್ನು ಕಂಡುಹಿಡಿದರು. ಸಹಿ ಮಾಡುವವನ ಬಳಿ ಒಂದು ಗುಪ್ತ ಕೀಲಿಕೈ. ಅದರ ಜೋಡಿಯಾದ ಬಹಿರಂಗ ಕೀಲಿಕೈ ಎಲ್ಲರ ಬಳಿ. ಬರಹದಿಂದ ಲೆಕ್ಕ ಹಾಕಿ ತೆಗೆದ ಒಂದು ಸಂಖ್ಯೆಯ ಮೇಲೆ ಗುಪ್ತ ಕೀಲಿಕೈಯಿಂದ ಮುದ್ರೆ ಬೀಳುತ್ತದೆ. ಬಳಿಕ ಒಂದು ಕೊಂಬು, ಒಂದು ದೀರ್ಘ ಬದಲಾದರೂ ಆ ಸಂಖ್ಯೆ ಬೇರೆಯಾಗಿ, ಬಹಿರಂಗ ಕೀಲಿಕೈಯಿಂದ ಪರೀಕ್ಷಿಸುವವನಿಗೆ ಮುದ್ರೆ ಹೊಂದುವುದಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆ ಇಂತಹ ಡಿಜಿಟಲ್ ಸಹಿಗೆ ನಮ್ಮ ದೇಶದಲ್ಲಿ ಮಾನ್ಯತೆ ನೀಡಿತು. ರಾಜ್ಯದ ರೈತರು ಪಡೆಯುವ ಪಹಣಿಯ ಮೇಲೂ ಇಂದು ಅಂತಹ ಸಹಿಯುಂಟು.

ಏಜೆಂಟುಗಳ ಕೆಲಸಕ್ಕೂ ಇದೇ ಕ್ರಮ ಅನ್ವಯಿಸಬೇಕು. ಪ್ರತಿಯೊಂದು ಏಜೆಂಟಿಗೂ ಪ್ರತ್ಯೇಕ ಕೀಲಿಕೈ ಇರಲಿ. ಯಾವ ಕೆಲಸಕ್ಕೆ, ಎಷ್ಟು ಅವಧಿಗೆ ಅದು ಸಲ್ಲುತ್ತದೆಂಬುದನ್ನು ಸಂಸ್ಥೆ ತನ್ನ ಕೀಲಿಕೈಯಿಂದ ದೃಢೀಕರಿಸಲಿ. ಓದಿದ ಏಜೆಂಟು ತನ್ನ ಪಾಠಕ್ಕೂ, ಹೋಲಿಸಿದ್ದು ತಾನು ಪಡೆದುದಕ್ಕೂ ಕೊಟ್ಟುದಕ್ಕೂ ಮುದ್ರೆಯೊತ್ತಿದರೆ, ಯಾವ ಹಂತದಲ್ಲಿ ಯಾವ ಶಬ್ದ ಸೇರಿತೆಂಬುದನ್ನು ಮುಂದೆ ಯಾರಾದರೂ ಪತ್ತೆಹಚ್ಚಬಹುದು. ದಾನಿಗಳಿಗೆ ಕಳುಹಿಸುವ ರಸೀದಿಗೂ ವಿದ್ಯಾರ್ಥಿಯ ವರ್ಗಾವಣೆ ಪತ್ರಕ್ಕೂ ಈ ಮಾತು ಸಲ್ಲುತ್ತದೆ.

ಸಣ್ಣ ಶಾಲೆಗಳಿಗೆ ಈ ಹೊರೆ ಏಕೆಂದು ಕೆಲವರು ಆಕ್ಷೇಪಿಸಬಹುದು. ಖರ್ಚು ಶ್ರಮಗಳು ಇಲ್ಲವೆನ್ನಲಾಗದು. ಆದರೆ ಒಮ್ಮೆ ಬೆರೆತ ಪಾಠವನ್ನು ಬೇರ್ಪಡಿಸುವ ಹೊರೆ ಎಷ್ಟು ದೊಡ್ಡದೆಂಬುದಕ್ಕೆ ವಚನ ಸಂಪಾದನೆಯ ಇತಿಹಾಸವೇ ಸಾಕ್ಷಿ.

ಆದರೂ ಮುದ್ರೆಯ ಮಿತಿಯನ್ನು ಮರೆಯಲಾಗದು. ಬರಹ ಎಲ್ಲಿಂದ ಬಂತು, ನಡುವೆ ಬದಲಾಯಿತೇ ಎಂಬುದನ್ನಷ್ಟೇ ಅದು ಹೇಳುತ್ತದೆ; ಬರಹ ಸರಿಯೇ ಎಂಬುದನ್ನು ಹೇಳುವುದಿಲ್ಲ. ತಪ್ಪಾಗಿ ಓದಿದ ಪಾಠದ ಮೇಲೂ ಮುದ್ರೆ ಸರಿಯಾಗಿಯೇ ಕೂಡುತ್ತದೆ. ಗುಪ್ತ ಕೀಲಿಕೈ ಕಳುವಾದರೆ ಕಳ್ಳನ ಮುದ್ರೆಯೂ ನಿಜವೆನಿಸುತ್ತದೆ. ಅಂತಹ ಕೀಲಿಕೈಯನ್ನು ಕೂಡಲೇ ರದ್ದುಪಡಿಸಿ ಎಲ್ಲರಿಗೂ ತಿಳಿಸುವ ವ್ಯವಸ್ಥೆ ಇಲ್ಲದಿದ್ದರೆ ಉಳಿದುದೆಲ್ಲ ವ್ಯರ್ಥ.

ಆದುದರಿಂದ ಕೊನೆಯ ಸಹಿ ಮನುಷ್ಯನದಾಗಿರಬೇಕು. ಮೂಲ ಗರಿಯನ್ನು ಕಣ್ಣಾರೆ ನೋಡಿ, ಸಂಶಯವಿದ್ದೆಡೆ ಸಂಶಯವೆಂದೇ ಬರೆದು, ತನ್ನ ಹೆಸರಿನಲ್ಲಿ ಹೊಣೆ ಹೊರುವ ಒಬ್ಬ ಅಧ್ಯಾಪಕನಿಲ್ಲದೆ ಯಂತ್ರದ ಯಾವ ಪಾಠವನ್ನೂ ಸಂಸ್ಥೆಗಳು ಪ್ರಕಟಿಸಬಾರದು. ಕಾಣದ ನಾಲ್ಕು ಶಬ್ದಗಳ ಸ್ಥಳವನ್ನು ಖಾಲಿಯಾಗಿಯೇ ಉಳಿಸುವ ಧೈರ್ಯ ಅಂತಹವನಿಗೆ ಇರಬೇಕು. ಆ ಧೈರ್ಯವನ್ನು ಬೆಳೆಸುವುದು ವಿದ್ಯಾಲಯಗಳ ಕೆಲಸ.